ಅಂಗಡಿಯಲ್ಲಿ ಕಳೆದ ವರ್ಷಗಳು ಸಿಗಾರ್ ವಯಸ್ಸಿಗೆ ಸೇರುತ್ತವಾ?

ಕೋಟೆ ಕೆಳಗಿನವ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕ ಕೂಡುತ್ತಿಲ್ಲ, ಬಲ್ಲವರು ಹೇಳಬೇಕು.

ಬೆಂಗಳೂರಿನ ಅಂಗಡಿಯೊಂದರಲ್ಲಿ ಪಾರ್ತಗಾಸ್ ಸೀರೀ ಡಿ ನಂ. 4 ಅನ್ನುವ ಕ್ಯೂಬಾ ಸಿಗಾರ್ ಕೇಳಿದೆ. ಹತ್ತರ ಎರಡು ಪೆಟ್ಟಿಗೆ ತಂದು ಮುಂದಿಟ್ಟರು. ಒಂದರ ತಳದಲ್ಲಿ 2019ರ ಮುದ್ರೆ, ಇನ್ನೊಂದರಲ್ಲಿ 2023. ಹಳೆಯದಕ್ಕೆ ಕಾಲು ಭಾಗ ಜಾಸ್ತಿ ರೇಟು. ಯಾಕೆ ಅಂದರೆ, "ಸರ್, ಇದು ಕೂತು ಹದ ಆಗಿರೋ ಮಾಲು. ನೀವು ಮನೇಲಿ ವರ್ಷಗಟ್ಟಲೆ ಕಾಯೋದನ್ನ ನಾವೇ ಕಾದು ಕೊಡ್ತಿದೀವಿ" ಎನ್ನುತ್ತಾರೆ.

ಮಾತೇನೋ ಚೆನ್ನಾಗಿದೆ. ಆದರೆ ಗೋದಾಮಿನಲ್ಲಿ, ಅಂಗಡಿಯ ಕಪಾಟಿನಲ್ಲಿ ಸುಮ್ನೆ ಬಿದ್ದಿದ್ದ ಕಾಲವೂ ಏಜಿಂಗ್ ಲೆಕ್ಕಕ್ಕೆ ಬರುತ್ತದಾ? ಇಲ್ಲ, ನಾವು ತಂದು ಸರಿಯಾಗಿ ಇಟ್ಟ ದಿನದಿಂದ ಎಣಿಸಬೇಕಾ? ನಾನು ಸೇದುವವನಲ್ಲ. ಭಾವನ ಐವತ್ತನೇ ಹುಟ್ಟುಹಬ್ಬಕ್ಕೆ ಕೊಡಬೇಕು. ಅವರಿಗೆ ಇದರಲ್ಲಿ ನಾಲಿಗೆ ಚುರುಕು, ಹಾಗಾಗಿ ಭಯ.

ಕೌಲ್‌ಬಜಾರ್ ಹುಡುಗ

ಹಳೆಯದನ್ನೇ ತಗೊಳ್ಳಿ ಅಣ್ಣ. ನಾಲ್ಕು ವರ್ಷ ಜಾಸ್ತಿ ಅಂದರೆ ಜಾಸ್ತಿನೇ. ಇದರಲ್ಲಿ ಯೋಚನೆ ಏನು?

ತೋರಣಗಲ್ಲು ಶಿಫ್ಟ್

ತಮ್ಮಾ, ಅಷ್ಟು ಸುಲಭ ಇಲ್ಲ.

ಅಂಗಡಿಯಲ್ಲಿ ಕಳೆದ ಕಾಲವೂ ವಯಸ್ಸೇ. ಸಿಗಾರ್‌ಗೆ ತನ್ನನ್ನು ಯಾರು ಕೊಂಡರು, ಯಾವಾಗ ಕೊಂಡರು ಅಂತ ಗೊತ್ತಿಲ್ಲವಲ್ಲ. ಸುತ್ತಿ ಮುಗಿಸಿದ ದಿನದಿಂದಲೇ ಅದು ಬದಲಾಗುತ್ತಾ ಹೋಗುತ್ತದೆ. ಪ್ರಶ್ನೆ ಇರೋದು ಯಾವ ದಿಕ್ಕಿಗೆ ಬದಲಾಯಿತು ಅನ್ನುವುದರಲ್ಲಿ. 65ರಿಂದ 70 ಪರ್ಸೆಂಟ್ ತೇವಾಂಶ, 18ರಿಂದ 20 ಡಿಗ್ರಿ ಸೆಲ್ಸಿಯಸ್, ಮುಚ್ಚಿದ ಪೆಟ್ಟಿಗೆ. ಹೀಗೆ ನಾಲ್ಕು ವರ್ಷ ಇದ್ದರೆ ಅದು ಏಜಿಂಗ್. ಒಂದೇ ಒಂದು ಬೇಸಿಗೆ ಕರೆಂಟ್ ಹೋದ ಗೋದಾಮಿನಲ್ಲಿ ಒಣಗಿದ್ದರೆ ಆ ನಾಲ್ಕು ವರ್ಷ ಬರೀ ಕ್ಯಾಲೆಂಡರ್ ಹಾಳೆ.

ಒಣಗಿದ್ದನ್ನು ಮತ್ತೆ ತೇವಕ್ಕೆ ತಂದರೆ ಆಯ್ತಲ್ಲ ಎನ್ನುತ್ತಾರೆ ಕೆಲವರು. ನೀರು ವಾಪಸ್ ಬರುತ್ತದೆ, ನಿಜ. ಮೆತ್ತಗೂ ಆಗುತ್ತದೆ. ಆದರೆ ನೀರಿನ ಜೊತೆ ಎದ್ದು ಹೋದ ಎಣ್ಣೆ, ಪರಿಮಳ ವಾಪಸ್ ಬರುವುದಿಲ್ಲ. ಸೇದಿದರೆ ಕಾಗದ ಸುಟ್ಟ ರುಚಿ. ನೀವು ಕೈಯಲ್ಲಿ ಹಿಡಿದು ನೋಡಿದಾಗ ಮಾತ್ರ ಏನೂ ಗೊತ್ತಾಗುವುದಿಲ್ಲ. ಮೋಸ ಇರೋದು ಅಲ್ಲೇ.

ಇನ್ನೊಂದು. ತಳದ ಮುದ್ರೆಯಲ್ಲಿ ಇರುವುದು ಪೆಟ್ಟಿಗೆಗೆ ತುಂಬಿದ ತಿಂಗಳು ಮತ್ತು ವರ್ಷ. ತಿಂಗಳು ಸ್ಪ್ಯಾನಿಷ್‌ನಲ್ಲಿ ಇರುತ್ತದೆ. ಎನೆ ಅಂದರೆ ಜನವರಿ, ಅಬ್ರ್ ಅಂದರೆ ಏಪ್ರಿಲ್, ಅಗೋ ಅಂದರೆ ಆಗಸ್ಟ್, ದಿಕ್ ಅಂದರೆ ಡಿಸೆಂಬರ್. ಅದರ ಜೊತೆಗಿರುವ ಮೂರಕ್ಷರ ಕಾರ್ಖಾನೆಯ ಗುಟ್ಟಿನ ಗುರುತು, ಅದನ್ನು ಆಗಾಗ ಬದಲಾಯಿಸುತ್ತಾರೆ. ಸಿಗಾರ್ ಸುತ್ತಿದ್ದು ಅದಕ್ಕಿಂತ ಕೆಲವು ವಾರ ಮುಂಚೆ. ಸುತ್ತುವಾಗ ಎಲೆ ಮುರಿಯಬಾರದು ಅಂತ ಒದ್ದೆ ಮಾಡಿರುತ್ತಾರೆ. ಆ ಹೆಚ್ಚಿನ ನೀರು ಇಳಿಯಲಿ ಅಂತ ಕಾರ್ಖಾನೆಯ ತಂಪು ಕೋಣೆಯಲ್ಲಿ ಇಟ್ಟು, ಆಮೇಲೆ ಬಣ್ಣ ಆರಿಸಿ ತುಂಬುತ್ತಾರೆ. ಹಾಗಾಗಿ ಮುದ್ರೆ ನೋಡಿ ಹುಟ್ಟಿದ ಕಾಲ ಹೆಚ್ಚುಕಡಿಮೆ ಹೇಳಬಹುದು. ಹೇಗೆ ಬೆಳೆಯಿತು ಅಂತ ಹೇಳಲಾಗದು.

ಕೌಲ್‌ಬಜಾರ್ ಹುಡುಗ

ಸರಿ ಅಣ್ಣ. ಹಾಗಾದರೆ ಸಿಗಾರ್‌ಗೆ ಸುತ್ತಿರುವ ಕಾಗದದ ಪಟ್ಟಿಯ ಮೇಲೇ 1926 ಅಂತ ಬರೆದಿರುವುದನ್ನ ನೋಡಿದ್ದೇನೆ. ಅದು ನೂರು ವರ್ಷದ್ದಾ? 😄

ತೋರಣಗಲ್ಲು ಶಿಫ್ಟ್

ನಗಬೇಡ, ಇದನ್ನೇ ನಂಬಿಸಿ ಮಾರುವವರೂ ಇದ್ದಾರೆ. ಅದು ಪದ್ರೋನ್ ಕಂಪನಿಯ ಸರಣಿ. 1926 ಆ ಕಂಪನಿ ಕಟ್ಟಿದ ಹೋಸೆ ಓರ್ಲಾಂಡೋ ಪದ್ರೋನ್ ಹುಟ್ಟಿದ ವರ್ಷ. 1964 ಅಂತಲೂ ಒಂದು ಸರಣಿ ಇದೆ, ಅದು ಕಂಪನಿ ಶುರುವಾದ ವರ್ಷ. ಎರಡೂ ವಯಸ್ಸಲ್ಲ.

ಅವರು ಎಲೆಯನ್ನು ವರ್ಷಗಟ್ಟಲೆ ಇಟ್ಟು ಆಮೇಲೆ ಸುತ್ತುತ್ತಾರೆ, ಅದು ಬೇರೆ. ಎಲೆಗೆ ಆದ ವಯಸ್ಸು ಒಂದು, ಸುತ್ತಿದ ಮೇಲೆ ಆಗುವ ವಯಸ್ಸು ಇನ್ನೊಂದು. ಅಂಗಡಿಯವರು ಎರಡನ್ನೂ ಒಂದೇ ಬಾಯಲ್ಲಿ "ಏಜ್ಡ್" ಅಂದುಬಿಡುತ್ತಾರೆ. ಕ್ಯೂಬಾದ ಹೊರಗೆ, ನಿಕರಾಗುವಾ, ಡೊಮಿನಿಕನ್ ಗಣರಾಜ್ಯದ ಎಷ್ಟೋ ಪೆಟ್ಟಿಗೆಗಳ ಮೇಲೆ ತಾರೀಕೇ ಇರುವುದಿಲ್ಲ. ಅಂಥ ಕಡೆ ಒಂದು ಗುರುತು ಸಿಗುತ್ತದೆ. ಒಂದೊಂದು ಸಿಗಾರ್‌ಗೂ ಸುತ್ತಿದ ಪಾರದರ್ಶಕ ಸೆಲ್ಲೋಫೇನ್ ವರ್ಷ ಕಳೆದಂತೆ ಹಳದಿಯಾಗುತ್ತದೆ. ಒಳಗಿನ ಎಣ್ಣೆ ಅದಕ್ಕೆ ಇಳಿಯುತ್ತಾ ಹೋಗುವುದರಿಂದ ಹಾಗೆ. ಹೊಳೆಯುವ ಬಿಳಿ ಹಾಳೆ ತೋರಿಸಿ ಎಂಟು ವರ್ಷದ ಮಾಲು ಅಂದರೆ ನಕ್ಕು ಬಂದುಬಿಡಿ.

ಹುಣಸೂರಿನ ಅಳಿಯ (ಹೊಸಪೇಟೆ)

ನಮ್ಮ ಮಾವನ ಮನೆಯವರು ಹುಣಸೂರು ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಹಾಗಾಗಿ ಒಂದೆರಡು ಮಾತು.

ಅಲ್ಲಿನ ವರ್ಜೀನಿಯಾ ಸೊಪ್ಪನ್ನು ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಮನೆಯಲ್ಲಿ, ಶಾಖ ಕೊಟ್ಟು ಒಂದು ವಾರದೊಳಗೆ ಬೇಯಿಸಿ ತೆಗೆಯುತ್ತಾರೆ. ಎಲೆ ಹಳದಿಗೆ ನಿಲ್ಲುತ್ತದೆ, ಸಕ್ಕರೆ ಅಂಶ ಒಳಗೇ ಉಳಿಯುತ್ತದೆ. ಆಮೇಲೆ ಟೊಬ್ಯಾಕೊ ಬೋರ್ಡ್ ಹರಾಜಿಗೆ ಹೋಗುತ್ತದೆ. ಅದು ಸಿಗರೇಟಿನ ಸೊಪ್ಪು. ಸಿಗಾರ್ ಎಲೆ ಹಾಗಲ್ಲ. ಗಾಳಿಯಾಡುವ ಕೊಟ್ಟಿಗೆಯಲ್ಲಿ ತಿಂಗಳಿಗೂ ಮೇಲೆ ನೇತುಹಾಕಿ ನಿಧಾನಕ್ಕೆ ಒಣಗಿಸುತ್ತಾರೆ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಕರಗಿಹೋಗುತ್ತದೆ. ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ರಾಶಿಯ ಒಳಗೆ ಕೈ ಹಾಕಿದರೆ ಬಿಸಿ ಹತ್ತುತ್ತದೆ. ಒಳಗಿನ ಅಮೋನಿಯಾ ಹೊರಬರುವುದು ಆಗಲೇ.

ಪೂರ್ತಿ ಹೊರಹೋಗದೆ ಉಳಿದದ್ದು ಸಿಗಾರ್ ಸುತ್ತಿದ ಮೇಲೂ ಬರುತ್ತಿರುತ್ತದೆ. ಅದಕ್ಕೇ ಸುತ್ತಿ ಕೆಲವೇ ತಿಂಗಳಾದ ಸಿಗಾರ್ ಮೂಗಿನ ಹತ್ತಿರ ಹಿಡಿದರೆ ಘಾಟು. ಸೇದಿದರೆ ಗಂಟಲು ಹಿಡಿಯುತ್ತದೆ. ಒಂದು ವರ್ಷ ಆಚೀಚೆ ಕಳೆದರೆ ಆ ಘಾಟು ಇಳಿಯುತ್ತದೆ. ಅಂದರೆ ಅಂಗಡಿಯಲ್ಲಿ ಕಳೆದ ಮೊದಲ ಒಂದೆರಡು ವರ್ಷದಿಂದ ನಿಮಗೆ ಖಂಡಿತ ಲಾಭ ಇದೆ. 2023ರ ಪೆಟ್ಟಿಗೆ ಆ ಹಂತ ದಾಟಿ ಆಗಿದೆ. ಅದರ ಮೇಲಿನ ನಾಲ್ಕು ವರ್ಷಕ್ಕೆ ದುಡ್ಡು ಕೊಡಬೇಕಾ ಅನ್ನೋದಷ್ಟೇ ನೀವು ಯೋಚಿಸಬೇಕಾದದ್ದು.

ರಾಯಚೂರು ಬಿಸಿಲು

ನೀವೆಲ್ಲ ತೇವಾಂಶ ತೇವಾಂಶ ಅನ್ನುತ್ತಿದ್ದೀರಿ. ನಮ್ಮ ಕಡೆ ದೊಡ್ಡ ಶತ್ರು ಹುಳ.

ನಮ್ಮ ಚಿಕ್ಕಪ್ಪನ ಮಗ ದುಬೈನಿಂದ ಒಂದು ಪೆಟ್ಟಿಗೆ ತಂದಿದ್ದ. ಗಾಡ್ರೆಜ್ ಬೀರುವಿನಲ್ಲಿ ಬಟ್ಟೆ ಕೆಳಗೆ ಇಟ್ಟಿದ್ದ. ಬೇಸಿಗೆ ಮುಗಿದ ಮೇಲೆ ತೆಗೆದರೆ ಸಿಗಾರ್‌ಗಳ ಮೇಲೆ ಸೂಜಿಯಿಂದ ಚುಚ್ಚಿದಷ್ಟು ದುಂಡನೆ ತೂತು, ಪೆಟ್ಟಿಗೆ ತಳದಲ್ಲಿ ಕಂದು ಪುಡಿ. ಒಂದನ್ನು ಬಿಚ್ಚಿ ನೋಡಿದೆವು. ಒಳಗೆ ಉದ್ದಕ್ಕೂ ಸುರಂಗ. ಹುಳ ಎರಡು ಮೂರು ಮಿಲಿಮೀಟರ್ ಇರಬಹುದು, ಕೆಂಪು ಕಂದು ಬಣ್ಣ, ತಲೆ ಒಳಗೆ ಮಡಚಿಕೊಂಡು ಕೂತಿತ್ತು. ಲ್ಯಾಸಿಯೊಡರ್ಮ ಸೆರಿಕಾರ್ನೆ ಅಂತ ಅದರ ಶಾಸ್ತ್ರದ ಹೆಸರು. ನಮ್ಮ ಅಮ್ಮ ನೋಡಿದ ಕೂಡಲೇ "ಇದು ಅರಿಶಿನದ ಡಬ್ಬಿ ಹುಳ ಅಲ್ವೇನೋ" ಅಂದರು. ಅವರು ಹೇಳಿದ್ದು ಸರಿ. ಅದೇ ಹುಳ ಅರಿಶಿನ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ ಎಲ್ಲದಕ್ಕೂ ಬೀಳುತ್ತದೆ.

ಮೊಟ್ಟೆ ಎಲೆಯ ಜೊತೆಗೇ ಬಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತಂಪಿನಲ್ಲಿ ಇದ್ದಷ್ಟು ದಿನ ಮಲಗಿರುತ್ತದೆ. 25 ಡಿಗ್ರಿ ಆಚೆ ಹೋಗಿ ಅಲ್ಲೇ ನಿಂತರೆ ಏಳುತ್ತದೆ. ನಮ್ಮ ರಾಯಚೂರಿನಲ್ಲಿ ಮೇ ತಿಂಗಳು ಮನೆಯೊಳಗೇ 35 ಇರುತ್ತದೆ, ಮಧ್ಯಾಹ್ನ ಹೊರಗೆ 42. ಕ್ಯೂಬಾದಲ್ಲಿ ಈಗ ಹೊರಗೆ ಕಳಿಸುವ ಮುಂಚೆ ಪೆಟ್ಟಿಗೆಗಳನ್ನು ಡೀಪ್ ಫ್ರೀಜ್ ಮಾಡುತ್ತಾರೆ. ಆದರೂ ಅನುಮಾನ ಇದ್ದರೆ ಮನೆಯಲ್ಲೂ ಮಾಡಬಹುದು. ಎರಡು ಜಿಪ್ ಕವರ್‌ನಲ್ಲಿ ಗಾಳಿ ತೆಗೆದು ಮುಚ್ಚಿ. ಮೊದಲು ಒಂದು ದಿನ ಫ್ರಿಜ್ಜು, ಆಮೇಲೆ ಮೂರು ದಿನ ಮೈನಸ್ 18 ಇರುವ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್ಜು, ಆಮೇಲೆ ಹೊರಗೆ. ಅವಸರ ಮಾಡಿದರೆ ಮೇಲಿನ ಎಲೆ ಸೀಳುತ್ತದೆ.

ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಎಷ್ಟು ವರ್ಷ ಅನ್ನೋದಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಎಸಿ ಆನ್ ಇರುತ್ತದಾ, ಇಲ್ಲವಾ? ಅದನ್ನ ಕೇಳಿ.

ಗಂಗಾವತಿ ಮಿಲ್

ಈ ಕೊನೇ ಪ್ರಶ್ನೆ ಲಾಖ್ ರೂಪಾಯಿದು.

ನಮ್ಮದು ಅಕ್ಕಿ ವ್ಯಾಪಾರ. ಹಳೆ ಸೋನಾ ಮಸೂರಿ ಅಂದರೆ ಜನ ಜಾಸ್ತಿ ಕೊಟ್ಟು ಒಯ್ಯುತ್ತಾರೆ. ಅವರು ದುಡ್ಡು ಕೊಡುವುದು ವರ್ಷಕ್ಕಲ್ಲ, ಅನ್ನ ಉದುರುದುರಾಗಿ ಅರಳುತ್ತದೆ ಅಂತ. ಭತ್ತವನ್ನು ಸರಿಯಾಗಿ ಒಣಗಿಸಿ ಇಟ್ಟಿದ್ದರೆ ಆ ಗುಣ ಬರುತ್ತದೆ. ಹಸಿ ಇರುವಾಗಲೇ ಚೀಲ ಕಟ್ಟಿ ಒಟ್ಟಿದ್ದರೆ ಅದೇ ಒಂದು ವರ್ಷದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಚೀಲದ ಮೇಲೆ ಎರಡಕ್ಕೂ ಒಂದೇ ತಾರೀಕು. ಗೊತ್ತಿರುವ ಗಿರಾಕಿ ತಾರೀಕು ಓದುವುದಿಲ್ಲ, ಒಂದು ಹಿಡಿ ತೆಗೆದು ಮೂಸಿ, ನಾಲ್ಕು ಕಾಳು ಹಲ್ಲಲ್ಲಿ ಕಡಿದು ನೋಡುತ್ತಾನೆ. ಸಿಗಾರ್‌ನಲ್ಲಿ ಅಂಥ ಪರೀಕ್ಷೆ ಏನಿದೆ, ತಿಳಿದವರು ಹೇಳಿ.

ತೋರಣಗಲ್ಲು ಶಿಫ್ಟ್

ಇದೆ ಸರ್. ಅಂಗಡಿಯಲ್ಲೇ ಮಾಡಬಹುದು, ಎರಡು ನಿಮಿಷ ಸಾಕು. ಪೆಟ್ಟಿಗೆ ತೆಗೆಯಲು ಬಿಡದ ಅಂಗಡಿಯಿಂದ ಹಳೆ ಮಾಲು ಕೊಳ್ಳಲೇಬೇಡಿ.

ಮೊದಲು ಪಟ್ಟಿ ನೋಡಿ. ಒಣಗಿದ ಸಿಗಾರ್ ಸಣ್ಣಗಾಗುತ್ತದೆ. ಕಾಗದದ ಪಟ್ಟಿ ಸಣ್ಣಗಾಗುವುದಿಲ್ಲ. ಹಾಗಾಗಿ ಪಟ್ಟಿ ಸಡಿಲ ಬಿದ್ದು ಮೇಲೆ ಕೆಳಗೆ ಜಾರುತ್ತಿದ್ದರೆ ಅದು ಯಾವಾಗಲೋ ಬಾಯಾರಿದೆ ಅಂತಲೇ. ಆಮೇಲೆ ಹೊತ್ತಿಸುವ ತುದಿಯ ಹತ್ತಿರ ಹೆಬ್ಬೆರಳು ತೋರುಬೆರಳಲ್ಲಿ ಮೆಲ್ಲಗೆ ಒತ್ತಿ. ಸ್ವಲ್ಪ ಒಳಗೆ ಹೋಗಿ ತಾನೇ ಮೇಲೆ ಬರಬೇಕು. ಚರಚರ ಸದ್ದು ಬಂದರೆ ಬೇಡ. ಒತ್ತಿದ್ದು ಒತ್ತಿದಂತೆ ಉಳಿದರೂ ಬೇಡ, ಅದು ನೀರು ಜಾಸ್ತಿ ಕುಡಿದಿದೆ. ಮೇಲಿನ ಎಲೆಯಲ್ಲಿ ಸಣ್ಣ ಎಣ್ಣೆ ಮಿರುಗು ಇರಬೇಕು. ಬಿಳಿ ಪುಡಿ ಕಂಡರೆ "ಇದು ಹಳೆತನದ ಗುರುತು ಸರ್" ಅಂತ ಕೆಲವರು ಹೊಗಳುತ್ತಾರೆ. ಹೆಚ್ಚಾಗಿ ಅದು ಬೂಸ್ಟು. ತುದಿಯ ಒಳಗೂ ಬೂಸ್ಟು ಇದ್ದರೆ ವಾಪಸ್ ಇಟ್ಟುಬಿಡಿ.

ಆಮೇಲೆ ಕಪಾಟಿನ ತೇವಾಂಶದ ಮೀಟರ್ ನಂಬಬೇಡಿ. ಪ್ಲಾಂಟ್‌ನಲ್ಲಿ ದಿನವೂ ಮೀಟರ್ ಜೊತೆ ಗುದ್ದಾಡುವವನು ನಾನು. ಕ್ಯಾಲಿಬ್ರೇಟ್ ಮಾಡದ ಮೀಟರ್ ಬರೀ ಅಲಂಕಾರ. ಮನೆಯಲ್ಲಿ ಪರೀಕ್ಷೆ ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಡಿ. ಕರಗಬಾರದು, ಒದ್ದೆ ಆದರೆ ಸಾಕು. ಮುಚ್ಚಳ, ಮೀಟರ್ ಎರಡನ್ನೂ ಒಂದೇ ಜಿಪ್ ಕವರ್‌ನಲ್ಲಿ ಮುಚ್ಚಿ ಒಂದು ಹಗಲು ರಾತ್ರಿ ಬಿಡಿ. ಒಳಗೆ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 69 ತೋರಿಸಿದರೆ ಅದು ಆರು ಕಡಿಮೆ ಹೇಳುತ್ತದೆ ಅಂತ ಅರ್ಥ.

ಹುಣಸೂರಿನ ಅಳಿಯ

ಇನ್ನೊಂದು ಮಾತು ಸೇರಿಸುತ್ತೇನೆ. ಎಲ್ಲ ಸಿಗಾರ್‌ಗೂ ಹಳೆತನ ಒಳ್ಳೆಯದಲ್ಲ. ಖಾರದ ಮಾಲು, ಪಾರ್ತಗಾಸ್ ಥರದ್ದು, ವರ್ಷ ಕಳೆದಂತೆ ಗಡಸುತನ ಬಿಟ್ಟು ದುಂಡಗಾಗುತ್ತದೆ. ಮೊದಲೇ ಮೆತ್ತಗಿರುವ ಹೊಯೋ ದೆ ಮೊಂತೆರೇ ಥರದ್ದನ್ನು ಬಹಳ ಕಾಲ ಇಟ್ಟರೆ ಸಪ್ಪೆ ಹೊಡೆಯುತ್ತದೆ. ಹಾಗಾಗಿ ನಿಮ್ಮ ಪೆಟ್ಟಿಗೆಯ ವಿಷಯದಲ್ಲಿ ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ. ಡಿ ನಂ. 4ಕ್ಕೆ ಐದಾರು ವರ್ಷ ಒಳ್ಳೆಯದೇ. ಚೆನ್ನಾಗಿ ಇಟ್ಟಿದ್ದರೆ.

ಬ್ರೂಸ್‌ಪೇಟೆ ಮೇಷ್ಟ್ರು

ಎಷ್ಟು ಹದ ಮಾಡಿದರೂ ಹೊಗೆ ಹೊಗೆಯೇ. ಒಳಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಸಿಗಾರ್ ದಾರಿ. ಭಾವನಿಗೆ ಐವತ್ತು ತುಂಬುತ್ತಿದೆ ಅಂತೀರಿ. ಒಂದು ಒಳ್ಳೆ ಇಳಕಲ್ ಸೀರೆ ಅಕ್ಕನಿಗೆ ಕೊಡಿ, ಇಬ್ಬರೂ ಖುಷಿಯಾಗುತ್ತಾರೆ.

ಕೋಟೆ ಕೆಳಗಿನವ

ಮೇಷ್ಟ್ರೇ, ಅಕ್ಕನಿಗೂ ಇದೇ ಅಭಿಪ್ರಾಯ. ಆದರೆ ಭಾವ ಸೇದುವುದು ಹಬ್ಬಕ್ಕೊಂದು. ಬೈದುಕೊಂಡೇ ತರಲು ಹೇಳಿದ್ದಾಳೆ.

ಗಾಂಧಿನಗರ ಟ್ಯಾಕ್ಸ್

ಯಾರೂ ಮುಟ್ಟದ ವಿಷಯ ಒಂದಿದೆ. ಎಂಆರ್‌ಪಿ.

ಕಾನೂನು ಪ್ರಕಾರ ಆಮದಾದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ ಇರಲೇಬೇಕು. 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಅದು. ಜೊತೆಗೆ ತಂಬಾಕು ಆದ್ದರಿಂದ 85 ಪರ್ಸೆಂಟ್ ಜಾಗದಲ್ಲಿ ಎಚ್ಚರಿಕೆ ಚಿತ್ರ. ಹಳೆಯದು ಅಂತ ಎಂಆರ್‌ಪಿ ಮೇಲೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ತೆಗೆದುಕೊಳ್ಳುವ ಹಾಗಿಲ್ಲ. ಹಾಗಾದರೆ ಆ ಕಾಲು ಭಾಗ ಜಾಸ್ತಿ ಎಲ್ಲಿಂದ ಬಂತು? 2019ರ ಪೆಟ್ಟಿಗೆ ಮೇಲೆ ಸ್ಟಿಕರ್ ಇದೆಯಾ, ನೋಡಿದ್ದೀರಾ?

ಇಲ್ಲದಿದ್ದರೆ ಅದು ಯಾರದೋ ಸೂಟ್‌ಕೇಸಿನಲ್ಲಿ ಬಂದ ಮಾಲು. ವಿದೇಶದಿಂದ ಬರುವವರು 25 ಸಿಗಾರ್ ತರಬಹುದು, ಸುಂಕ ಇಲ್ಲ. ಅದು ಸ್ವಂತಕ್ಕೆ, ಮಾರಲು ಅಲ್ಲ. ಅಂಥ ಪೆಟ್ಟಿಗೆ ಅಂಗಡಿಗೆ ಬರುವ ಮುಂಚೆ ಯಾರ ಅಟ್ಟದಲ್ಲಿ ಇತ್ತೋ, ಯಾವ ಕಾರಿನ ಡಿಕ್ಕಿಯಲ್ಲಿ ಇತ್ತೋ.

ತೋರಣಗಲ್ಲು ಶಿಫ್ಟ್

ಇದು ಪಾಯಿಂಟ್. ನನಗೆ ಹೊಳೆದಿರಲಿಲ್ಲ. ಸ್ಟಿಕರ್ ಇದ್ದರೆ ಭಾರತಕ್ಕೆ ಯಾರ ಮೂಲಕ ಬಂತು ಅಂತಾದರೂ ತಿಳಿಯುತ್ತದೆ. ಆಮದುದಾರರ ಗೋದಾಮಿಗೆ ಫೋನ್ ಮಾಡಿ ಕೇಳಬಹುದು. ಹಾಗೇ ಕ್ಯೂಬಾದ ಹಸಿರು ವಾರಂಟಿ ಸೀಲ್, ಬಾರ್‌ಕೋಡ್ ನೋಡಿ. ಆ ನಂಬರನ್ನು ಕ್ಯೂಬಾ ಸಿಗಾರ್ ಮಾರುವ ಹಬಾನೋಸ್ ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಗಾಜಿನ ಮುಚ್ಚಳದ ಪೆಟ್ಟಿಗೆ ತೋರಿಸಿದರೆ ಮಾತೇ ಬೇಡ, ಅದು ನಕಲಿ.

ಕೋಟೆ ಕೆಳಗಿನವ

ಶನಿವಾರ ಮತ್ತೆ ಹೋಗಿದ್ದೆ. ಎಲ್ಲರೂ ಹೇಳಿದ್ದನ್ನು ಫೋನಿನಲ್ಲಿ ಬರೆದುಕೊಂಡು ಹೋದೆ.

2019ರ ಪೆಟ್ಟಿಗೆಗೆ ಸ್ಟಿಕರ್ ಇಲ್ಲ. ಎಚ್ಚರಿಕೆ ಚಿತ್ರವೂ ಇಲ್ಲ. ಕೇಳಿದರೆ, "ನಮ್ಮ ಒಬ್ಬ ಹಳೆ ಗಿರಾಕಿ ಕೊಟ್ಟಿದ್ದು ಸರ್, ಅವರದು ದೊಡ್ಡ ಹ್ಯೂಮಿಡರ್ ಇದೆ" ಎಂದರು. ಸಿಗಾರ್‌ಗೆ ತೇವಾಂಶ ಕಾಯುವ ಪೆಟ್ಟಿಗೆಯಂತೆ ಅದು. ತೆಗೆದು ತೋರಿಸಿ ಅಂದೆ, ತೋರಿಸಿದರು. ಮೇಲಿನ ಸಾಲಿನಲ್ಲಿ ಮೂರಕ್ಕೆ ಪಟ್ಟಿ ಜಾರುತ್ತಿತ್ತು. ಒಂದನ್ನು ಒತ್ತಿದೆ, ಚರಚರ ಅನ್ನಲಿಲ್ಲ, ಮೆತ್ತಗೇ ಇತ್ತು. ಮುಂಚೆ ಆಗಿದ್ದರೆ ಇದು ಚೆನ್ನಾಗಿದೆ ಅಂತ ಬರುತ್ತಿದ್ದೆ. ಒಣಗಿಸಿ ಮತ್ತೆ ನೀರು ಕುಡಿಸಿದ್ದಾರೆ ಅಂತ ಈಗ ಅನುಮಾನ ಬಂತು. ಎಸಿ ಬಗ್ಗೆ ಕೇಳಿದ್ದಕ್ಕೆ ಹುಡುಗ ಮಾಲೀಕರ ಮುಖ ನೋಡಿದ, ಮಾಲೀಕರು ಬಿಲ್ ಪುಸ್ತಕ ನೋಡಿದರು.

2023ರದ್ದಕ್ಕೆ ಸ್ಟಿಕರ್ ಇದೆ, ಸೀಲ್ ನಂಬರ್ ಸರಿ ಬಂತು, ಪಟ್ಟಿ ಬಿಗಿಯಾಗಿದೆ. ಎಂಆರ್‌ಪಿಗೇ ಕೊಟ್ಟರು. ಅದನ್ನೇ ತಗೊಂಡೆ. ಈಗ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ತರಬೇಕು. ಮನೆಯಲ್ಲಿ ಹ್ಯೂಮಿಡರ್ ಇಲ್ಲ. ಹುಟ್ಟುಹಬ್ಬಕ್ಕೆ ಇನ್ನೂ ಮೂರು ವಾರ. ಏರ್ ಕೂಲರ್ ಇರುವ ಕೋಣೆಯಲ್ಲಿ ಇಟ್ಟರೆ ಸಾಕಾ?

ರಾಯಚೂರು ಬಿಸಿಲು

ಕೂಲರ್ ಮುಂದೆ ಬೇಡವೇ ಬೇಡ. ಕೂಲರ್ ಓಡುವಾಗ ತೇವಾಂಶ ಮೇಲೆ ಹೋಗುತ್ತದೆ, ನಿಲ್ಲಿಸಿದ ಮೇಲೆ ಕೆಳಗೆ ಬೀಳುತ್ತದೆ. ದಿನಕ್ಕೆ ಎರಡು ಸಲ ಹಿಗ್ಗಿ ಕುಗ್ಗಿ ಮೇಲಿನ ಎಲೆ ಒಡೆಯುತ್ತದೆ. ಫ್ರಿಜ್ಜಿನಲ್ಲೂ ಹಾಗೇ ಇಡಬೇಡಿ, ಈಗಿನ ಫ್ರಾಸ್ಟ್ ಫ್ರೀ ಫ್ರಿಜ್ಜು ಒಣಗಿಸುತ್ತದೆ. ಬೆಳ್ಳುಳ್ಳಿ ವಾಸನೆ ಬೇರೆ ಹಿಡಿಯುತ್ತದೆ.

ತೋರಣಗಲ್ಲು ಶಿಫ್ಟ್

ರಬ್ಬರ್ ಅಂಚಿರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಹೊಸದು, ವಾಸನೆ ಇಲ್ಲದ್ದು. ಸಿಗಾರ್ ಪೆಟ್ಟಿಗೆಯನ್ನು ಹಾಗೇ ಒಳಗಿಡಿ. ಜೊತೆಗೆ 65ರ ತೇವಾಂಶದ ಪ್ಯಾಕೆಟ್ ಒಂದು ಹಾಕಿ, ಬೋವೆಡಾ ಅಂತ ಆನ್‌ಲೈನ್‌ನಲ್ಲಿ ಸಿಗುತ್ತದೆ. ಜಾಸ್ತಿ ಆದರೆ ಹೀರುತ್ತದೆ, ಕಡಿಮೆ ಆದರೆ ಕೊಡುತ್ತದೆ. ಒದ್ದೆ ಹತ್ತಿ, ಸೇಬಿನ ಹೋಳು, ಇಂಥ ಮನೆಮದ್ದು ಮಾಡಬೇಡಿ, ಬೂಸ್ಟು ಬರುತ್ತದೆ. ಡಬ್ಬಿಯನ್ನು ಮನೆಯ ತೀರಾ ತಂಪು ಮೂಲೆಯಲ್ಲಿ, ನೆಲದ ಹತ್ತಿರ ಇಡಿ. ಮೇಲಿನ ಅಟ್ಟ ಬೇಡ, ಆರ್‌ಸಿಸಿ ಕಾವು ರಾತ್ರಿ ಹನ್ನೊಂದಾದರೂ ಇಳಿಯುವುದಿಲ್ಲ.

ಸ್ಟೇಷನ್‌ನಿಂದ ಸೀದಾ ಮನೆಗೆ ಹೋಗಿ. ಕಾರಿನಲ್ಲಿ ಬಿಟ್ಟು ಮಾರ್ಕೆಟ್‌ಗೆ ಇಳಿದರೆ, ಕ್ಯೂಬಾದಿಂದ ಇಲ್ಲಿವರೆಗೆ ಯಾರೂ ಮಾಡದ ಹಾಳು ನೀವು ಅರ್ಧ ಗಂಟೆಯಲ್ಲಿ ಮಾಡುತ್ತೀರಿ. ಮೂರು ವಾರ ಡಬ್ಬಿ ತೆಗೆಯಬೇಡಿ, ಪ್ರಯಾಣದ ಏರುಪೇರು ಅಷ್ಟರಲ್ಲಿ ಸರಿಹೋಗುತ್ತದೆ.

ಕೋಟೆ ಕೆಳಗಿನವ

ಪ್ಯಾಕೆಟ್ ಆರ್ಡರ್ ಹಾಕಿದೆ. ಡಬ್ಬಿ ಅಡುಗೆಮನೆಯಿಂದ ಸಿಗಲಿಲ್ಲ, ಹೊಸದು ತರಬೇಕಂತೆ.

ಕೌಲ್‌ಬಜಾರ್ ಹುಡುಗ

ಅಣ್ಣ, ಹತ್ತರಲ್ಲಿ ಎಲ್ಲ ಒಂದೇ ದಿನ ಮುಗಿಯುವುದಿಲ್ಲ ಅಲ್ವಾ? ಉಳಿದದ್ದನ್ನು ಭಾವ 2028ರವರೆಗೆ ಇಡಲಿ. ಆಗ ಅದು ಐದು ವರ್ಷದ್ದು, ಎಲ್ಲಿತ್ತು ಅಂತ ಪೂರ್ತಿ ಗೊತ್ತಿರುವ ಐದು ವರ್ಷ.

ಕೋಟೆ ಕೆಳಗಿನವ

ಭಾವನನ್ನು ನೀವು ನೋಡಿಲ್ಲ. ದೀಪಾವಳಿ ದಾಟಿದರೆ ಹೆಚ್ಚು.